ಇತರರು

ಮಂಡಿಪೇಟೆಯ ಗೋದಾಮಿನ ಮೇಲೆ ನಮ್ಮ ಚಾನೆಲ್ಲು.
ಕೆಳಗೆ ಮೆಣಸಿನಕಾಯಿ ಚೀಲ ಇಳಿಸಿದರೆ
ಮೇಲೆ ವಾರ್ತೆ ಓದುವ ಹುಡುಗಿ ಸೀನುತ್ತಾಳೆ.
ಮಾಲೀಕ ಕರಿಬಸಣ್ಣ ಅಂದ:
ಎಣಿಕೆಗೆ ಹನ್ನೊಂದೇ ದಿನ,
ಬೆಂಗಳೂರಿನವರ ಥರ ಝಗ್ ಅನ್ನಬೇಕು ಪರದೆ,
ಆದರೆ ಯಾರ ಬಣ್ಣವೂ ಬಳಿದಂತಿರಬಾರದು.

ಕೂತೆ.
ಕೇಸರಿಗೆ ಒಡೆಯರಿದ್ದಾರೆ. ಹಸಿರಿಗೆ ಎರಡು ಮನೆ.
ನೀಲಿಗೂ ಬಾವುಟವಿದೆ.
ಕೆಂಪು ಹಚ್ಚಿದರೆ ಗಿರಣಿ ಗೇಟಿನ ಹಳೇ ಮುಷ್ಕರ,
ಅದಕ್ಕೆ ಹಳದಿ ಕೂಡಿಸಿದರೆ ನವೆಂಬರ್ ಬಂತು.
ಬಿಳಿ ಉಳಿಯಿತು ಅಂದುಕೊಂಡೆ;
ಬಿಳಿ ಎಲ್ಲರ ಅಂಗಿ.
ಕೊನೆಗೆ ಬೆರಳಿನ ಶಾಯಿಯ ನೇರಳೆ.
ಕರಿಬಸಣ್ಣನ ಮನೆಯ ಟಿವಿಯಲ್ಲಿ
ಅದು ಬದನೆಕಾಯಿ ಆಗಿ ಕಂಡಿತಂತೆ.
ಇರಲಿ ಬಿಡು, ಬದನೆಕಾಯಿಗೆ ಪಕ್ಷವಿಲ್ಲ, ಅಂದ.

ಆಮೇಲೆ ಪಟ್ಟಿ, ಪರದೆಯ ಬುಡದಲ್ಲಿ ಓಡುವ ತೆಳು ಪಟ್ಟಿ.
ಕೊಂಡು ತಂದ ನಮೂನೆ ಇಂಗ್ಲಿಷಿನ ಅಳತೆಗೆ ಹೊಲಿದದ್ದು.
ನಮ್ಮ ಅಕ್ಷರಗಳು ಕಾಲ ಬುಡದಲ್ಲಿ
ಕೂಸು ಕೂರಿಸಿಕೊಂಡು ನಡೆಯುವಂಥವು.
ಅಂಚು ಕತ್ತರಿಸಿತು:
ಮುನ್ನಡೆ ಮುನಡೆ,
ಹಿನ್ನಡೆ ಹಿನಡೆ,
ಗೆದ್ದವರು ಬರೀ ಗೆದವರು.
ಯಾರು ನೋಡ್ತಾರೆ ಅಂತ ಬಿಟ್ಟಿದ್ದೆ.

ನೋಡಿದವರು ತಿಪ್ಪೇರುದ್ರಪ್ಪ.
ಪಕ್ಷೇತರ. ಮುಚ್ಚಿದ ಹತ್ತಿ ಗಿರಣಿಯ ಕೊನೇ ಪಾಳಿಯವರು.
ಫೋಟೋ ಕೊಡಲು ಮೆಟ್ಟಿಲು ಹತ್ತಿ,
ಉಸಿರು ತಹಬಂದಿಗೆ ಬರಲಿ ಅಂತ
ಪ್ರಿಂಟರ್ ಪಕ್ಕದ ಸ್ಟೂಲಿನ ಮೇಲೆ ಕೂತರು.
“ಚರಕ ಕೇಳಿದ್ದೆ ತಂಗೆವ್ವಾ, ಹೊಲಿಗಿ ಮಿಷಿನ್ನು ಕೊಟ್ರು ಗುರುತಿಗೆ.
ನೂಲೋನ ಕೈಗೆ ಸೂಜಿ ಕೊಟ್ಟಂಗಾತು.”
ಪರದೆಗೆ ಬೆರಳಿಟ್ಟು ತಮ್ಮ ಹೆಸರು ಓದಿಕೊಂಡರು:
ತಿಪೇರುದಪ.
ಮತ್ತೊಮ್ಮೆ ಓದಿದರು.
“ನಮ್ಮಪ್ಪ ಇಟ್ಟಾಗ ಇದ್ರಾಗ ಮೂರು ಒತ್ತು ಇದ್ವು.”
ಅಷ್ಟೇ. ಜಗಳವಿಲ್ಲ.
ಎದ್ದು ಹೋಗುವಾಗ ಕೇಳಿದರು, ನಂದು ಯಾವ ಬಣ್ಣ?
ಇತರರು ಅಂದೆ. ಬೂದಿ.
“ಹತ್ತಿ ಧೂಳಿನ ಬಣ್ಣ. ನಂಗ ಹಳೇ ಪರಿಚಯ” ಎಂದು ನಕ್ಕರು,
ನಗು ಕೆಮ್ಮಾಗಿ ಮೆಟ್ಟಿಲಿಳಿಯಿತು.

ಆ ರಾತ್ರಿ ಪಟ್ಟಿಯನ್ನು ಹದಿನಾಲ್ಕು ಚುಕ್ಕೆ ಎತ್ತರಿಸಿದೆ.
ಅಷ್ಟೇ ತಗ್ಗಿತು ಮೇಲಿದ್ದ ಸೀರೆ ಅಂಗಡಿಯ ಜಾಹೀರಾತು.
ಹೆಸರುಗಳನ್ನು ಒಂದೊಂದೇ ಓಡಿಸಿ ನೋಡಿದೆ,
ಕೂಸುಗಳೆಲ್ಲ ಕಾಲ ಬಳಿ ಬಂದು ಕೂತಿದ್ದವು.

ಎಣಿಕೆಯ ದಿನ. ಎದ್ದು ನಿಲ್ಲುವ ಕಂಬಗಳು.
ಲೆಕ್ಕ ಹೀಗೆ: ಇನ್ನೂರು ಮತಕ್ಕೆ ಒಂದು ಚುಕ್ಕೆ.
ಹತ್ತನೇ ಸುತ್ತಿಗೆ ಒಂದು ಕಂಬ ಹಣೆ ಮುಟ್ಟಿತು,
ಇನ್ನೊಂದು ಎದೆ.
ಇತರರೆಲ್ಲ ಸೇರಿ ಪಾದ.
ಕೊನೆಗೆ ಒಬ್ಬೊಬ್ಬರದೇ ಬೇರೆ ಪುಟ ಬಂತು:
ತಿಪ್ಪೇರುದ್ರಪ್ಪ, ಎಂಬತ್ತೇಳು.
ಯಂತ್ರ ಭಾಗಿಸಿತು, ಅರ್ಧಕ್ಕೂ ಕಡಿಮೆ ಅಂದಿತು,
ಸೊನ್ನೆ ಎಳೆಯಿತು.
ಎಂಬತ್ತೇಳು ಜನ ಸಾಲಲ್ಲಿ ನಿಂತು ಬಂದವರು!
ಗಿರಣಿಯ ಒಂದು ಪಾಳಿ ಅಂತಲೇ ಇಟ್ಟುಕೊಳ್ಳಿ.
ಕೈಯಾರೆ ಒಂದು ಚುಕ್ಕೆ ಇಟ್ಟೆ.
ನೂರ ಹದಿಮೂರು ಮತ ನಾನೇ ಹಾಕಿದಂತಾಯಿತು,
ಬೂತಿಲ್ಲದೆ, ಶಾಯಿಯಿಲ್ಲದೆ.
ಹಿಂದೆ ನಿಂತಿದ್ದ ಕರಿಬಸಣ್ಣ
ಕಂಡೂ ಕಾಣದಂತೆ ಚಹಾ ಹೀರಿದ.
ಸೀರೆ ಅಂಗಡಿಯವರ ಫೋನಿಗೆ ಮಾತ್ರ
ಸಂಜೆಯವರೆಗೂ ಉತ್ತರ ಕೊಟ್ಟ.

ಮರುದಿನ ತಿಪ್ಪೇರುದ್ರಪ್ಪನವರೇ ಫೋನು.
ಠೇವಣಿ ಹೋಯ್ತು ಅನ್ನಲಿಲ್ಲ.
“ಒತ್ತು ಮೂರೂ ಇದ್ವು ತಂಗೆವ್ವಾ, ಎಣಿಸಿದೆ.
ಕೆಳಗೊಂದು ಧೂಳು ಕುಂತಿತ್ತು,
ನಮ್ಮ ಮನ್ಯಾಕಿ ಸೆರಗಿಲೆ ಒರೆಸಿದ್ಲು,
ಹೋಗಲಿಲ್ಲ.”